ಲೆಕ್ಕಕ್ಕೆ ಬಾರದ ನೀರು

ಇಳಿತದ ಹೊತ್ತು. ಸುನ್ನೀವಾ ದೋಣಿಯನ್ನು
ಸ್ಕಾರ್‌ವಿಕ್ ಸೇತುವೆಯ ಮೂರನೇ ಕಂಬಕ್ಕೆ ಕಟ್ಟಿದಳು.
ಕೊರೆಯುವ ಯಂತ್ರ ಹಲ್ಲು ಕಡಿದು ಕಡಿದು ಕೊನೆಗೆ ಉಗುಳಿದ್ದು
ಮಣಿಕಟ್ಟಿನ ದಪ್ಪದ ಒಂದು ತುಂಡು:
ಮೂವತ್ತೊಂದು ಚಳಿಗಾಲ ಕಂಡ ಕಾಂಕ್ರೀಟು,
ಆಗ ತಾನೆ ಹಿಡಿದ ಕಾಡ್ ಮೀನಿನಷ್ಟು ತಣ್ಣಗೆ.

ಎಂಜಿನಿಯರ್ ಓಸ್ಮುಂಡನ ಕಡತ ಅವಳ ಬಳಿ ಇದೆ.
ಅವನು ಹೋಗಿ ಒಂಬತ್ತು ವರ್ಷ,
ಅಕ್ಷರ ಮಾತ್ರ ಇನ್ನೂ ನೆಟ್ಟಗೆ ನಿಂತಿದೆ:
ನೂರು ತೂಕ ಸಿಮೆಂಟಿಗೆ ನಲವತ್ತು ನೀರು, ಮೇಲೆ ಹನಿ ಇಲ್ಲ.
ಕುಲುಮೆಯ ಚಿಮಣಿಯಲ್ಲಿ ಹಿಡಿದಿಟ್ಟ ಹೊಗೆಯ ಪುಡಿ ಎಂಟು,
ಸಿಮೆಂಟಿನ ಕಣಕಣದ ಸಂದಿಯಲ್ಲಿ ಕೂರುವಷ್ಟು ನುಣ್ಣಗಿನದು.
ಗಾಳಿಗುಳ್ಳೆ ನೂರಕ್ಕೆ ಐದು;
ಮಂಜುಗಡ್ಡೆಗೆ ಕಾಲು ಚಾಚಲು ಜಾಗ ಬಿಡಿ,
ಬಿಡದಿದ್ದರೆ ಅದೇ ಮಾಡಿಕೊಳ್ಳುತ್ತದೆ.
ಕಬ್ಬಿಣದ ಮೇಲೆ ಎಪ್ಪತ್ತೈದು ಮಿಲಿಮೀಟರ್ ಹೊದಿಕೆ.
ಏಳು ದಿನ ಒದ್ದೆ ಗೋಣಿ.
ನೂರು ವರ್ಷ.
ಈ ಕೊನೆಯ ಎರಡು ಪದಕ್ಕೆ ಅಡಿಗೆರೆಯೂ ಎರಡು.

ಗಟ್ಟಿಯೋ ಅಲ್ಲವೋ ಇಪ್ಪತ್ತೆಂಟನೇ ದಿನ ಗೊತ್ತಾಗುತ್ತದೆ,
ಯಂತ್ರದಲ್ಲಿಟ್ಟು ಒತ್ತಿದರೆ ಆಯಿತು.
ಬಾಳಿಕೆ ಗೊತ್ತಾಗುವುದು
ಬರೆದವನ ತಿಥಿಗಳೂ ಮರೆತ ಮೇಲೆ.

ಶೆಡ್ಡಿನಲ್ಲಿ ತುಂಡನ್ನು ಸೀಳಿ ಒಂದು ಹೋಳಿಗೆ
ಬಣ್ಣವಿಲ್ಲದ ದ್ರಾವಣ ಚಿಮುಕಿಸಿದಳು.
ಅರಿಶಿನದ ನೀರಿಗೆ ಸುಣ್ಣ ಬಿದ್ದಂತೆ
ಓಕುಳಿ ಎದ್ದಿತು, ಅಂಚಿನಿಂದ ಅಂಚಿಗೆ.
ಸುಣ್ಣಕ್ಕೆ ಜೀವವಿದೆ. ಸರಿ.
ಇನ್ನೊಂದು ಹೋಳಿಗೆ ಬೆಳ್ಳಿಯ ದ್ರಾವಣ. ಕಾದಳು.
ಉಪ್ಪು ಮುಟ್ಟಿದಲ್ಲಿ ಬಿಳಿ, ಮುಟ್ಟದಲ್ಲಿ ಕಂದು.
ಬಿಳಿ ಹೊರಗಿನಿಂದ ಒಳಕ್ಕೆ ನಡೆದೇ ನಡೆದಿತ್ತು,
ಐವತ್ತು, ಐವತ್ತೈದು, ಅರವತ್ತೊಂದು.
ಎರಡನೇ ಕಂಬದಲ್ಲಿ ಇಪ್ಪತ್ತು ದಾಟಿರಲಿಲ್ಲ.
ಅದೇ ಕಡತ, ಅದೇ ಕಡಲು, ಅದೇ ಗೋಣಿ.

ಬಾಗಿಲಲ್ಲಿ ಹಾಲ್‌ಸ್ಟೈನ್, ಟೋಪಿ ಕೈಯಲ್ಲಿ,
ಆ ಕಾಲದ ಮಿಕ್ಸರ್ ಲಾರಿಯ ಚಾಲಕ.
"ಮೂರನೆಯದು ತಾನೆ?" ಅಂದ.
ಅವಳು ಯಾರಿಗೂ ಹೇಳಿರಲಿಲ್ಲ.

"ಅವತ್ತು ಫೆರಿ ತಡವಾಯಿತು. ಡ್ರಮ್ಮಿನೊಳಗೆ ಬಿಗಿಯುತ್ತಿತ್ತು.
ಮೇಲೆ ಹುಡುಗರು ಗಾಳಿಗೆ ಮುಖ ಕೊಟ್ಟು ನಿಂತಿದ್ದರು,
ಓಸ್ಮುಂಡ್ ಊಟಕ್ಕೆ ಹೋಗಿದ್ದ.
ಕೊಳವೆ ಬಿಟ್ಟೆ. ಎಷ್ಟು ಅಂತ ಕೇಳಬೇಡ.
ಬೆಣ್ಣೆಯ ಹಾಗೆ ಇಳಿಯಿತು.
ಎಲ್ಲರೂ ಬೆನ್ನು ತಟ್ಟಿದರು."

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವೆ ನಾವು.
ಈ ಕಂಬಕ್ಕೆ ಗಾದೆ ತಿರುಗುಮುರುಗು:
ನೀರು ಕುಡಿದದ್ದು ಉಪ್ಪು ತಿನ್ನಲೇಬೇಕು.
ಹೆಚ್ಚಿನ ನೀರು ಆರಿಹೋಗುತ್ತದೆ,
ಹೋದ ದಾರಿಯನ್ನು ಮುಚ್ಚಿ ಹೋಗುವುದಿಲ್ಲ.
ಕೂದಲೂ ತೂರದ ಆ ಓಣಿಗಳಿಗೆ
ದಿನಕ್ಕೆರಡು ಸಲ ಕಡಲು ಬಂದು
ಚಿಟಿಕೆಯಲ್ಲಿ ನೂರನೇ ಪಾಲು ಇಟ್ಟು ಹೋಗಿದೆ,
ಅವಸರವಿಲ್ಲದ ನೆಂಟನ ಹಾಗೆ.
ಒಳಗೆ ಕಬ್ಬಿಣ, ಕಣ್ಣಿಗೆ ಕಾಣದ ಪೊರೆ ಹೊದ್ದು,
ಇನ್ನೂ ನಿದ್ದೆಯಲ್ಲಿ.

"ಎಷ್ಟು ಉಳಿದಿದೆ?"
"ಹದಿನಾಲ್ಕು."
"ವರ್ಷವೇ?"
"ಮಿಲಿಮೀಟರ್."

ಅವನು ಪೆನ್ನು ಕೇಳಿದ.
ಕಡತದಲ್ಲಿ ನೀರಿನ ಸಾಲಿಗೆ ಬೆರಳಿಟ್ಟು ತುಸು ಹೊತ್ತು ನಿಂತ.
ಅಂಕಿ ತಿದ್ದಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ
ಹೆಸರು ಬರೆದ, ಪೂರ್ತಿ, ಶಾಲೆಯ ಹುಡುಗನ ಹಾಗೆ ನಿಧಾನವಾಗಿ.

ಭರತ ಏರುವುದರೊಳಗೆ ಕಂಬದ ತೂತು ಮುಚ್ಚಬೇಕು.
ದೋಣಿಯಲ್ಲಿ ಅವನು ಟಾರ್ಚ್ ಹಿಡಿದ,
ಅವಳು ಸಣ್ಣ ಬೋಗುಣಿಯಲ್ಲಿ ಗಾರೆ ಕಲಸಿದಳು.
ಸಿರಿಂಜಿನಿಂದ ಹನಿ ಎಣಿಸಿ ನೀರು ಬಿಡುವಾಗ
ಬೆಳಕು ಸ್ವಲ್ಪ ಅಲುಗಿತು.
ಅವನು ಕಡಲಿನ ಕಡೆ ನೋಡುತ್ತಿದ್ದ.