ಬಿಡು

ಮನಾಮಾ, ಅದ್ಲಿಯಾದ ಎರಡನೇ ಮಹಡಿ.
ಮಂಗಳವಾರ, ಗುರುವಾರ, ಐದೂ ಮುಕ್ಕಾಲಿಗೆ.
ಎ.ಸಿ. ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ ನನ್ನ ಚಪ್ಪಲಿ.
ವಿದಾದ್ ಡಾಕ್ಟರ್ ನನ್ನ ತಲೆಯ ಹಿಂದೆ; ಕಾಣುವುದಿಲ್ಲ,
ಅವರ ಬಳೆ ಮಾತ್ರ ಆಗಾಗ ಕೇಳುತ್ತದೆ.

ಒಂದೂವರೆ ವರ್ಷ ನನ್ನ ಇಂಗ್ಲಿಷು
ಇಸ್ತ್ರಿ ಮಾಡಿಟ್ಟ ಯೂನಿಫಾರ್ಮಿನಂತಿತ್ತು:
ಬ್ಯಾಂಕಿನ ಕೆಲಸ, ಬಾರದ ನಿದ್ದೆ, ಗಂಡನ ಶಿಫ್ಟು.
ಬೇಸಗೆಗೆ ಬೈರೂತಿಗೆ ಹೋಗುತ್ತೇನೆ ಎಂದರು ಒಂದು ದಿನ.
ಒಳ್ಳೇದಾಯಿತು ಎಂದೆ, ಅದೇ ಇಂಗ್ಲಿಷಿನಲ್ಲಿ.
ನಾಲ್ಕು ನಿಮಿಷ ಏನೂ ಇಲ್ಲ.
ಆಮೇಲೆ, ಎಲ್ಲಿಂದಲೋ: "ಇರಲಿ, ಬಿಡು."

ಆ ಪದ ಏನು, ಎಂದರು.
ಹೇಳಲು ಹೋದೆ. ಕೈ ಬಿಡು, ದಾರಿ ಬಿಡು,
ಊರು ಬಿಡು, ಆಸೆ ಬಿಡು, ಅದೆಲ್ಲ ಈಗ್ಯಾಕೆ, ಬಿಡು...
ಇಂಗ್ಲಿಷಿನಲ್ಲಿ ಒಂದೂ ನಿಲ್ಲಲಿಲ್ಲ.
"ಬಿದು," ಎಂದರು ಅವರು, ತಪ್ಪಾಗಿ, ಮೆಲ್ಲಗೆ.
ನಕ್ಕೆ. ನಗು ಗಂಟಲಲ್ಲೇ ಮುರಿಯಿತು:

ಗದಗಿನ ಹೆರಿಗೆ ಆಸ್ಪತ್ರೆಯಿಂದ ಬಂದ ಅವ್ವ
ಬರಿಗೈಲಿ ಟಾಂಗಾ ಇಳಿದಳು.
ಅರ್ಧ ಹೆಣೆದ ಹಳದಿ ಕುಲಾವಿ
ಸೂಜಿ ಸಮೇತ ಟ್ರಂಕಿಗೆ ಹೋಯಿತು.
ಪಾಪು ಎಲ್ಲಿ, ಅಂದೆ. ಐದು ವರ್ಷ ನನಗೆ.
"ಬಿಡು," ಅಂದಳು ಅಜ್ಜಿ.
ಬಿಟ್ಟೆ.
ಅಂದಿನಿಂದ ಎಲ್ಲ ಬಿಡುತ್ತಲೇ ಬಂದೆ.

ಡಾಕ್ಟರ್ ಏನೂ ಹೇಳಲಿಲ್ಲ. ಬಳೆಯೂ.
ಆ ದಿನ ಏನೂ ಗುಣವಾಗಲಿಲ್ಲ;
ಹೊರಗೆ ಅದೇ ಉಪ್ಪು ಸೆಕೆ, ಕನ್ನಡಕ ಮಂಜಾಯಿತು.

ಸೆಪ್ಟೆಂಬರಿನಲ್ಲಿ ಅವರು ಮರಳಿದಾಗ ಹೇಳಿದೆ:
"ನೀವು ಹೋದದ್ದಕ್ಕೆ ನನಗೆ ಸಿಟ್ಟು ಬಂದಿತ್ತು."
ಕುರ್ಚಿ ಕಿರುಗುಟ್ಟಿತು. ಅವರು ಅಲ್ಲೇ ಇದ್ದರು.

ನಿನ್ನೆ ಕೋಲ್ಡ್ ಸ್ಟೋರಿನ ಮೊಯ್ದೀನ್
ನೂರು ಫಿಲ್ಸ್ ಕಡಿಮೆ ಕೊಟ್ಟ.
ಚಿಲ್ಲರೆ ವಿಷಯ.
ಕೈ ಚಾಚಿಯೇ ನಿಂತೆ.