ನೆತ್ತಿ ಕೂಡದವು

ಸೇತುವೆ ಎತ್ತುವುದು ನನ್ನ ಕೆಲಸ.
ದೋಣಿ ಬಂದರೆ ಗಂಟೆ, ಗುಂಡಿ, ಕೆಂಪು ದೀಪ;
ಕಾರುಗಳು ಸಾಲಾಗಿ ನಿಂತು ಗೊಣಗುತ್ತವೆ.
ಮಿಕ್ಕ ಹೊತ್ತು, ಹಿತ್ತಲ ಕಾಲುವೆಯಂಚಿಗೆ
ನನ್ನ ಆರು ಬಾತುಗಳು,
ತಲೆಯ ಮೇಲೊಂದೊಂದು ಗರಿಯ ಚೆಂಡು ಹೊತ್ತು
ಭಾನುವಾರ ಇಗರ್ಜಿಗೆ ಹೊರಟ ಅತ್ತೆಯರ ಹಾಗೆ.

ನೋಡಿದವರು ನಗುತ್ತಾರೆ. ನಗಲಿ.
ಲೇವಾರ್ಡೆನ್ ಪ್ರದರ್ಶನದಲ್ಲಿ ತೀರ್ಪುಗಾರ ಊಪ್ಕೆ
ಕನ್ನಡಕ ಹಣೆಗೇರಿಸಿ, ಎರಡು ಬೆರಳಲ್ಲಿ ಜುಟ್ಟು ಅಳೆದು
‘ದುಂಡಗಿದೆ, ನಡುವಿಗಿದೆ, ವಾಲಿಲ್ಲ’ ಎಂದು ಬರೆದ.
ನೀಲಿ ಪಟ್ಟಿ ಕೊಟ್ಟ.
ಜುಟ್ಟಿನ ಕೆಳಗೆ ಏನಿದೆಯೆಂದು
ಅವನಿಗೂ ಗೊತ್ತು, ನನಗೂ ಗೊತ್ತು;
ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಬುರುಡೆ ಅಲ್ಲಿ ಕೂಡಿಲ್ಲ.
ಕೂಡದ ಬಿರುಕಿಗೆ ಒಂದಿಷ್ಟು ಕೊಬ್ಬು ತುಂಬಿ,
ಕೊಬ್ಬಿನ ಮೇಲೆ ಗರಿ ಹುಟ್ಟಿ,
ಗರಿಗೆ ನಾವು ಚೆಲುವು ಎಂದು ಹೆಸರಿಟ್ಟೆವು.

ಏಪ್ರಿಲ್ ರಾತ್ರಿ. ದೀಪವಾರಿಸಿ
ಮೊಟ್ಟೆಯ ಬೆನ್ನಿಗೆ ಟಾರ್ಚು ಹಿಡಿಯುತ್ತೇನೆ.
ಇದರಲ್ಲಿ ನೆತ್ತರು ಎಳೆಯೆಳೆ, ಜೇಡನ ಕಾಲಿನಂತೆ.
ಇದರಲ್ಲೂ.
ಇದು ನಿಂತುಹೋಗಿದೆ.
ಅಪ್ಪನ ಜುಟ್ಟೂ ಅಮ್ಮನ ಜುಟ್ಟೂ ಒಂದೇ ಮರಿಗೆ ಬಂದರೆ
ಕತೆ ಚಿಪ್ಪಿನೊಳಗೇ ಮುಗಿಯುತ್ತದೆ,
ನಾಲ್ಕಕ್ಕೊಂದು ಎನ್ನುತ್ತಾರೆ ಬಲ್ಲವರು.
ಮೊದಲ ವರ್ಷ ನನಗಿದು ತಿಳಿಯದು;
ಜುಟ್ಟಿಗೆ ಜುಟ್ಟೇ ಜೋಡಿ ಅಂದುಕೊಂಡಿದ್ದೆ.
ಒಂಬತ್ತು ಮೊಟ್ಟೆ ಹೂಳಿದೆ, ಲೆಟಿಸ್ ಪಾತಿಯ ಬದಿಗೆ.
ಆ ವರ್ಷ ಲೆಟಿಸ್ ಚೆನ್ನಾಗಿ ಬಂತು. ತಿಂದೆವು.

ಅದಕ್ಕೇ ಈಗ ಬೋಳ ಇದ್ದಾನೆ.
ಗಂಡು. ತಲೆ ನುಣ್ಣಗೆ, ಬೋರಲು ಹಾಕಿದ ಬಟ್ಟಲು.
ಅವನ ಫೋಟೋ ಯಾರೂ ತೆಗೆಯುವುದಿಲ್ಲ,
ಅವನಿಗೆ ಪಂಜರವಿಲ್ಲ, ನಂಬರಿಲ್ಲ, ಪಟ್ಟಿಯಿಲ್ಲ.
ಪಕ್ಕದ ಮನೆಯ ಪುಟ್ಟ ಯೆಲ್ಟಿಯೆ ಕೇಳಿದಳು:
‘ಇವನೊಬ್ಬನಿಗೆ ಟೋಪಿ ಹಾಕುವುದು ಮರೆತಿರಾ?’
ಈ ಹಿತ್ತಲಲ್ಲಿ ಟೋಪಿ ಹಾಕಿಸಿಕೊಳ್ಳದವನು
ಇವನೊಬ್ಬನೇ ಕಣೇ, ಎಂದೆ.
ಅವಳಿಗೆ ಅರ್ಥವಾಗಲಿಲ್ಲ. ಎಂಟು ವರ್ಷ.

ನಿನ್ನೆ ಗಾಳಿ. ಬಿಳಿಯವಳು, ನೀಲಿ ಪಟ್ಟಿಯವಳು,
ಗೋಧಿಗೆಂದು ಓಡಿಬರುವಾಗ ವಾಲಿ
ಬೆನ್ನ ಮೇಲೆ ಬಿದ್ದಳು;
ಎರಡೂ ಕಾಲು ಆಕಾಶವನ್ನು ತುಳಿಯುತ್ತಿದ್ದವು.
ಅವಳಿಗಿದು ಆಗಾಗ.
ಎತ್ತಿ ಎದೆಗಾನಿಸಿಕೊಂಡೆ,
ನೆಲ ಯಾವ ಕಡೆಯೆಂದು ನೆನಪಾಗುವವರೆಗೆ.
ಜುಟ್ಟಿನೊಳಗೆ ಹೆಬ್ಬೆರಳಿಗೆ ಮೆತ್ತಗೆ ತಗುಲಿತು,
ಮೂರು ತಿಂಗಳ ಕೂಸಿನ ನೆತ್ತಿ ತಗುಲುವ ಹಾಗೆ.
ಒತ್ತಲಿಲ್ಲ.

ಕಾಲುವೆಯಲ್ಲಿ ದೋಣಿಯೊಂದು ಎರಡು ಸಲ ಕೂಗಿತು.
ಸೇತುವೆ ಇನ್ನೂ ಇಳಿದೇ ಇತ್ತು.
ಅಷ್ಟರಲ್ಲಿ ಬೋಳ
ಗೋಧಿಯನ್ನೆಲ್ಲ ಮುಗಿಸಿದ್ದ.