ಮುದ್ದೆಮಾಲು

ಗುಡಿಬಂಡೆ ಠಾಣೆಯ ಹಿಂದಿನ ಕೋಣೆಯಲ್ಲಿ
ದೇವರಿಗೂ ಒಂದು ನಂಬರು.
ಕಳ್ಳಬಟ್ಟಿಯ ಕ್ಯಾನು, ಚೈನಿಲ್ಲದ ಮೊಪೆಡ್ಡು,
ಇಸ್ಪೀಟೆಲೆ ಐವತ್ತೊಂದು,
ಅವುಗಳ ನಡುವೆ ಗೋಣಿಚೀಲದೊಳಗೆ
ಗುಂಡ್ಲಕೊತ್ತೂರಿನ ಸಪ್ಪಲಮ್ಮ.
ಪೇರೇಸಂದ್ರದ ಗುಜರಿಯಲ್ಲಿ ಸಿಕ್ಕಳು,
ತಕ್ಕಡಿ ಏರುವ ಮುನ್ನ.

ಪಟ್ಟಿ ಬರೆದವನು ನಾನೇ, ಠಾಣೆಯ ರೈಟರು.
ಹಿತ್ತಾಳೆ ಮುಖ ಒಂದು, ಎಡಗಿವಿ ಸೀಳಿದೆ, ಸಾವಿರದ ಇನ್ನೂರು.
ಕಂಚಿನ ಗಗ್ಗರ ಒಂದು, ಎಂಟುನೂರು.
ಕುಡುಗೋಲು, ಮೊಂಡು, ಮೂವತ್ತು.
ಮೊರ, ಹಳೆಯದು. ಬೆಲೆಯಿಲ್ಲ ಅಂತ ಬರೆದು
ಸಾಹೇಬರು ಗದರಿದ ಮೇಲೆ ಐದು ರೂಪಾಯಿ ಮಾಡಿದೆ.

ಗುರುತು ಹಿಡಿಯಲು ಬಂದಾಕೆ ಗಂಗುಲಮ್ಮ,
ಬೆಳಗಿನ ಬಸ್ಸಿಗೆ, ಸೆರಗಿನ ತುದಿಗೆ ಬೇವು ಕಟ್ಟಿಕೊಂಡು.
ಚಪ್ಪಲಿ ಗೇಟಿನಾಚೆಯೇ ಬಿಟ್ಟಳು.
ಇದು ಸ್ಟೇಷನ್ ಕಣಮ್ಮ, ಗುಡಿಯಲ್ಲ, ಅಂದೆ.
"ಅಮ್ಮ ಒಳಗಿದಾಳಲ್ಲ ಸಾಮಿ."

ಕುಡುಗೋಲು ಎರಡಿದ್ದವು ಕೋಣೆಯಲ್ಲಿ.
ಇನ್ನೊಂದು ಯುಗಾದಿ ಹಿಂದಿನ ಕೊಲೆಯದು,
ಬದುವಿನ ಜಗಳ, ಅಣ್ಣ ತಮ್ಮ.
ಎರಡಕ್ಕೂ ಹಿಡಿಯ ಬುಡದಲ್ಲಿ ಒಂದೇ ಕುಲುಮೆಯ ಮುದ್ರೆ,
ಮೂರು ಚುಕ್ಕಿ. ಚೀಟಿಗಳು ಬಿದ್ದುಹೋಗಿದ್ದವು.
ನನ್ನ ಬೆನ್ನಲ್ಲಿ ಬೆವರು.
ಅವಳು ಎರಡನ್ನೂ ಎತ್ತಲಿಲ್ಲ, ಬಗ್ಗಿ ಮೂಸಿದಳು.
ಒಂದರ ಬಿರುಕಿನಲ್ಲಿ ಅರಿಸಿನ.
"ಇದು ಕುಯ್ಯಲ್ಲ. ಕೂಸು ಹುಟ್ಟಿದ ಮನೆ ಹೊಸಿಲಲ್ಲಿ
ಮಲಗ್ತದೆ, ಒಂಬತ್ತು ರಾತ್ರಿ."
ಇನ್ನೊಂದನ್ನು ನೋಡಿ,
"ಪಾಪ, ಇದಕ್ಕೆ ಯಾರೂ ಹೇಳಿಕೊಡಲಿಲ್ಲ."
ಮನುಷ್ಯನ ಬಗ್ಗೆ ಅಂದಳೋ, ಕಬ್ಬಿಣದ ಬಗ್ಗೆಯೋ,
ಹೇಳಿಕೆಯಲ್ಲಿ ಅದನ್ನು ಬರೆದುಕೊಳ್ಳಲಿಲ್ಲ.

ಗಗ್ಗರವನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು.
ಒಂದು ಸದ್ದು ಕಮ್ಮಿ.
ದನಗಳಿಗೆ ರೋಗ ಬಂದ ವರ್ಷಕ್ಕೊಂದರಂತೆ
ಹರಳು ಹಾಕುತ್ತಾ ಬಂದದ್ದಂತೆ, ಅಜ್ಜಿಯ ಅಜ್ಜಿಯಿಂದ.
ಗುಜರಿಯವನು ಬಿಚ್ಚಿ ನೋಡಿರಬೇಕು, ಬೆಳ್ಳಿಯೇನೋ ಅಂತ.
"ಹೋಗ್ಲಿ. ಯಾವ ವರ್ಷ ಬಿದ್ದೋಯ್ತೋ ಅಮ್ಮಂಗೇ ಗೊತ್ತು."

ಮುಖವನ್ನು ಸರಿಯಾಗಿ ನೋಡಲೂ ಇಲ್ಲ.
"ಅದು ನೆಂಟರು ಬಂದಾಗ ಇಡೋದು."
ಮತ್ತೆ ನೆಲ ತಡಕಿದಳು. ಕಲ್ಲುಗಳೆಲ್ಲಿ?

ಯಾವ ಕಲ್ಲು?
ಏಳು. ಕೆರೆ ಕೋಡಿಯವು. ಅವಳೇ ಅವು.

ಚೀಲದ ತಳದಲ್ಲಿ ಆರು ಸಿಕ್ಕವು. ಪಟ್ಟಿಯಲ್ಲಿರಲಿಲ್ಲ;
ತೂಕಕ್ಕೆ ಕಳ್ಳರೇ ಹಾಕಿದ್ದು ಅಂದುಕೊಂಡಿದ್ದೆ.
ಏಳನೆಯದು
ನನ್ನ ಮೇಜಿನ ಮೇಲಿತ್ತು, ಹನ್ನೊಂದು ದಿನದಿಂದ,
ಕೇಸ್ ಡೈರಿಯ ಹಾಳೆ ಫ್ಯಾನಿಗೆ ಹಾರದ ಹಾಗೆ.
ನುಣ್ಣಗಿತ್ತು, ಕೈಗೆ ಹಿತವಾಗಿತ್ತು, ತಂದಿಟ್ಟುಕೊಂಡಿದ್ದೆ.
ಫೋನಿನಲ್ಲಿ ಬೈಸಿಕೊಳ್ಳುವಾಗ
ಹೆಬ್ಬೆರಳಲ್ಲಿ ಉಜ್ಜುತ್ತಿದ್ದೆ.

ಶಾಪ ಹಾಕುತ್ತಾಳೆ ಅಂತ ಕಾದೆ.
ಗಂಗುಲಮ್ಮ ಕಲ್ಲು ನೋಡಿದಳು, ಹಾಳೆ ನೋಡಿದಳು,
ತಲೆಯೆತ್ತಿ ಫ್ಯಾನು ನೋಡಿದಳು.
"ಕೆಲಸ ಮಾಡ್ತಾ ಅವಳೆ ಬಿಡಿ ಸಾಮಿ.
ಊರಲ್ಲೂ ಇದೇ ಕೆಲಸ,
ಹಾರಿಹೋಗೋದನ್ನ ಅದುಮಿಕೊಂಡು ಕೂತಿರೋದು."

ಬೆಲೆಯ ಕಲಮಿನ ಮುಂದೆ ಪೆನ್ನು ನಿಂತಿತು.
ಸೊನ್ನೆ ಹಾಕಿದರೆ ಕೋರ್ಟು ಕೇಳುತ್ತೆ, ಕಲ್ಲನ್ನು ಯಾಕೆ ತಂದಿರಿ ಅಂತ.
ಅಂಕಿ ಹಾಕಿದರೆ ಯಾವ ಅಂಕಿ?
ಕಲ್ಲು, ಏಳು ಅಂತ ಬರೆದು ಉದ್ದಕ್ಕೆ ಗೀಟೆಳೆದೆ.
ಸಾಹೇಬರು ಓದದೆ ಸಹಿ ಹಾಕಿದರು.
ಅವಳು ಹೆಬ್ಬೆಟ್ಟು ಒತ್ತಿದಳು; ಶಾಯಿಯ ನೀಲಿಗೆ
ಬೆರಳಿನ ಅರಿಸಿನ ಸೇರಿ
ಗುರುತು ಹಸಿರಾಗಿ ಮೂಡಿತು.

ಬಿಡುಗಡೆಯ ಅಪ್ಪಣೆ ಬಂದದ್ದು ಎರಡು ಶುಕ್ರವಾರ ಕಳೆದು.
ಅಲ್ಲಿಯವರೆಗೆ ಅಲ್ಲೇ ಇರಲಿ ಅಂದಿದ್ದಳು, ಮೇಜಿನ ಮೇಲೆ.
ಷೂ ಬಿಚ್ಚಿಟ್ಟು ಬರೆಯುತ್ತಿದ್ದೆ.
ಯಾರೂ ಗಮನಿಸಲಿಲ್ಲ ಅಂದುಕೊಂಡಿದ್ದೇನೆ.

ಈಗ ಐದು ರೂಪಾಯಿಯ ಮೊರದಲ್ಲಿ
ಏಳನ್ನೂ ಹೊತ್ತು ಬಸ್ಸು ಹತ್ತಿದ್ದಾಳೆ.
ಹಾಳೆಗಳು ಎದ್ದವು.
ಸ್ಟೇಪ್ಲರ್ ಇಟ್ಟೆ, ಬೀಗದಕೈ ಗೊಂಚಲು ಇಟ್ಟೆ,
ಕೊನೆಗೆ ಅಂಗೈಯನ್ನೇ ಊರಿ ಕೂತೆ.